ಸರ್ವೆ ತುಂಬಿದ್ರೆ ದುಡ್ಡು ಕೊಡ್ತಾರಂತೆ, 749 ಕಟ್ಟಬಹುದಾ? ಅನುಭವ ಇದ್ದವರು ಹೇಳಿ

ಎಣ್ಮಕಜೆಯವಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಪೆರ್ಲದ ಹತ್ತಿರ. ಬಿ.ಕಾಂ. ಆಗಿದೆ, ಮಗುವಿಗೆ ಒಂದೂವರೆ ವರ್ಷ, ಹೊರಗೆ ಕೆಲಸಕ್ಕೆ ಹೋಗುವ ಹಾಗಿಲ್ಲ. ವಾಟ್ಸಾಪಿನಲ್ಲಿ ಒಂದು ಸರ್ವೆ ಕಂಪನಿಯ ಲಿಂಕ್ ಬಂತು. ಒಂದು ಸರ್ವೆಗೆ 300, ದಿನಕ್ಕೆ ಮೂರು ಗ್ಯಾರಂಟಿ ಅಂತೆ. ಐಡಿ ಆಕ್ಟಿವ್ ಮಾಡ್ಲಿಕ್ಕೆ 749 ಕಟ್ಟಬೇಕು, ಅದು ಮೊದಲ ಪೇಮೆಂಟಿನಲ್ಲಿ ವಾಪಸ್ ಬರ್ತದಂತೆ. ಪಾನ್ ಕಾರ್ಡಿನ ಫೋಟೋ ಕೇಳಿದ್ದಾರೆ. ಗವರ್ಮೆಂಟ್ ಸರ್ಟಿಫಿಕೇಟ್ ತೋರಿಸಿದ್ದಾರೆ. ಮೈದುನನ ಫ್ರೆಂಡಿಗೆ 200 ಬಂದ ಸ್ಕ್ರೀನ್‌ಶಾಟ್ ಕೂಡ ಉಂಟು. ಭಾನುವಾರ ಕೊನೆ ದಿನ. ಮಾಡಿ ನೋಡಿದವರು ಇದ್ದೀರಾ?

ಅಡಿಕೆಸೋಗೆ, ಬದಿಯಡ್ಕ:
ಓದಿ ಹೊಟ್ಟೆಯೊಳಗೆ ತೊಳಸಿದ ಹಾಗಾಯ್ತು ತಂಗೀ. 2011ರಲ್ಲಿ ನಾನೂ ಹೀಗೇ ಕೇಳಿದ್ದೆ, ಆಗ ಹೇಳುವವರು ಯಾರೂ ಇರಲಿಲ್ಲ. ಕಂಪನಿಯ ಹೆಸರು ಬೇಡ. ಹೊರದೇಶದ್ದು ಅಂತ ಹೇಳಿಕೊಂಡು ಮಂಗಳೂರಿನ ಒಂದು ಹೋಟೆಲಿನಲ್ಲಿ ಮೀಟಿಂಗ್. ಎಸಿ ಹಾಲ್, ಟೈ ಕಟ್ಟಿದ ಹುಡುಗರು, ಊಟಕ್ಕೆ ಎರಡು ಬಗೆ ಸ್ವೀಟು. ವರ್ಷಕ್ಕೆ 11,000 ಕಟ್ಟಿದ್ರೆ ವಾರಕ್ಕೆ ಎರಡು ಸರ್ವೆ, ಒಂದಕ್ಕೆ 500. ಕೊಟ್ಟಿಗೆಯ ಮಾಡು ಸರಿ ಮಾಡಿಸ್ಲಿಕ್ಕೆ ಅಂತ ಚಾಲಿ ಅಡಿಕೆ ಮಾರಿ ಇಟ್ಟ ದುಡ್ಡು ಅದು. ಮನೆಯಲ್ಲಿ ನೆಟ್ ಇರಲಿಲ್ಲ. ಪೇಟೆಯ ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗೆ 20 ಕೊಟ್ಟು ಕೂತು ತುಂಬಿದ್ದು.

ಎರಡು ತಿಂಗಳು ಸರಿಯಾಗಿ ಬಂತು, ನಾಲ್ಕು ನಾಲ್ಕು ಸಾವಿರ. ಆಮೇಲೆ ಮಂಡೆ ತಿರುಗಿತು. ಹೆಂಡತಿ ಹೆಸರಲ್ಲಿ ಒಂದು, ಅಮ್ಮನ ಹೆಸರಲ್ಲಿ ಒಂದು ಐಡಿ. ಅಮ್ಮನಿಗೆ ಓದಲಿಕ್ಕೆ ಬರುವುದಿಲ್ಲ, ಅವರ ಸರ್ವೆ ನಾನೇ ತುಂಬಿದೆ. ಕಾರು ಬದಲಿಸುವಾಗ ಮೊದಲು ಎಂತ ನೋಡ್ತೀರಿ ಅಂತ ಕೇಳಿತು, ಮೈಲೇಜ್ ಅಂತ ಒತ್ತಿದೆ. ಅಮ್ಮ ಬಸ್ಸು ಹತ್ತುವುದೇ ವರ್ಷಕ್ಕೆ ನಾಲ್ಕು ಸಲ! ಅವತ್ತೇ ನನಗೆ ತಲೆಗೆ ಹೋಗಬೇಕಿತ್ತು, ಇಂಥ ಉತ್ತರಕ್ಕೆ 500 ಕೊಡುವ ಹೆಡ್ಡ ಯಾರಪ್ಪಾ ಅಂತ.

ಲೆಕ್ಕ ಹೇಳ್ತೇನೆ. ಮೂರು ಐಡಿಗೆ 33,000 ಹೋಯ್ತು. ಬಂದದ್ದು 8,000. ಮೂವರನ್ನು ಸೇರಿಸಿದ್ದಕ್ಕೆ ಕಮಿಷನ್ 3,000. ಅಲ್ಲಿಗೆ 22,000 ನಷ್ಟ, ಬ್ರೌಸಿಂಗಿನ 1,840 ಬೇರೆ. ಮೂರನೇ ತಿಂಗಳು ಸೈಟಿನಲ್ಲಿ ‘ಸಿಸ್ಟಂ ಅಪ್‌ಗ್ರೇಡ್’ ಅಂತ ಬಂತು, ಆಮೇಲೆ ಸೈಟೇ ಇಲ್ಲ. ನಾನು ಸೇರಿಸಿದ ಮೂವರಲ್ಲಿ ಒಬ್ಬ ಹೆಂಡತಿಯ ಅಣ್ಣ. ಇವತ್ತಿಗೂ ತರವಾಡು ಮನೆಯ ದೈವದ ತಂಬಿಲಕ್ಕೆ ಬಂದ್ರೆ ನಾನು ಕೂತ ಪಂಕ್ತಿಯಲ್ಲಿ ಕೂರುವುದಿಲ್ಲ. ನನಗೆ ಬಂದ ನಾಲ್ಕು ಸಾವಿರ ಎಲ್ಲಿಂದ ಬಂದದ್ದು ಅಂತ ಅವನಿಗೂ ಗೊತ್ತುಂಟು, ನನಗೂ ಗೊತ್ತುಂಟು.

ರಾತ್ರಿಪಾಳಿ, ಕುಂಬಳೆ:
ಅಣ್ಣ, ನೀವು ಹೇಳಿದ್ದು ಜನ ಸೇರಿಸುವ ಚೈನು, ಸರ್ವೆ ಅಲ್ಲ. ಯಾರೋ ಟೋಪಿ ಹಾಕಿದ್ರು ಅಂತ ಇಡೀ ಸರ್ವೆಯೇ ಮೋಸ ಅನ್ನಬೇಡಿ. ಶಾಂಪೂ ಮಾಡುವವನಿಗೆ ಗಿರಾಕಿ ಎಂತ ಹೇಳ್ತಾನೆ ಅಂತ ಬೇಕು, ಅವನು ಸಂಶೋಧನಾ ಏಜೆನ್ಸಿಗೆ ದುಡ್ಡು ಕೊಡ್ತಾನೆ, ಏಜೆನ್ಸಿ ಸರ್ವೆ ತುಂಬುವವರ ಪಟ್ಟಿ ಇಟ್ಟ ಪ್ಯಾನೆಲ್ ಕಂಪನಿಗೆ ಕೊಡ್ತದೆ, ಅದರ ಚೂರು ನಮಗೆ. ದುಡ್ಡು ಮೇಲಿಂದ ಕೆಳಗೆ ಇಳಿಯುವ ವ್ಯವಹಾರ ಅದು. ಕೆಳಗಿನವನು ಮೇಲಕ್ಕೆ ಕಟ್ಟುವುದು ಎಲ್ಲೂ ಇಲ್ಲ. 749 ಅಲ್ಲ, 7 ರೂಪಾಯಿಯೂ ಇಲ್ಲ.

ನಾನು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ನಿದ್ದೆ ಬಾರದ ಹಾಗೆ ಇರ್ಲಿಕ್ಕೆ ಶುರು ಮಾಡಿದ್ದು. ಮಗಳ ಹಳೇ ಕಾಪಿ ಪುಸ್ತಕದಲ್ಲಿ ಬರೆದಿಟ್ಟದ್ದು ಉಂಟು. 2022ರ ಜೂನಿನಿಂದ 14 ತಿಂಗಳಲ್ಲಿ ತೆರೆದದ್ದು 611 ಸರ್ವೆ. ಅರ್ಧದಲ್ಲಿ ‘ನೀವು ಈ ಸರ್ವೆಗೆ ಅರ್ಹರಲ್ಲ’ ಅಂತ ಹೊರಗೆ ಹಾಕಿದ್ದು 428. ಮುಗಿಸಿದ್ದು 183. ಸಿಕ್ಕಿದ್ದು 4,026 ರೂಪಾಯಿ. ಹೋದ ಹೊತ್ತು 118 ಗಂಟೆ. ಹೊರಗೆ ಹಾಕುವುದು ಕೂಡ ಹತ್ತು ನಿಮಿಷ ತಿಂದ ಮೇಲೆ. ವಯಸ್ಸು, ಸಂಬಳ, ಮನೆಯಲ್ಲಿ ಎಷ್ಟು ಜನ, ಫ್ರಿಜ್ ಯಾವುದು ಎಲ್ಲ ಕೇಳಿ ಆದ ಮೇಲೆ ‘ಕೋಟಾ ತುಂಬಿದೆ’. ನಡುವಲ್ಲಿ ‘ಇಲ್ಲಿ ನಾಲ್ಕನೆಯ ಉತ್ತರವನ್ನೇ ಒತ್ತಿ’ ಅಂತ ಒಂದು ಇಟ್ಟಿರ್ತಾರೆ, ತೂಕಡಿಸಿ ಮೂರನೆಯದು ಒತ್ತಿದ್ರೆ ಎಲ್ಲ ನೀರಿನಲ್ಲಿ ಹೋಮ.

ಕೆಲವರು ಗಿಫ್ಟ್ ವೋಚರ್ ಕೊಡ್ತಾರೆ, ಕೆಲವರು ಪೇಪಾಲ್ ಅಂತ ಆನ್‌ಲೈನ್ ದುಡ್ಡು ಕಳಿಸುವ ಸೇವೆಯಲ್ಲಿ ಹಾಕ್ತಾರೆ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದ ಒಳಗಿನ ಪಾವತಿ ನಿಲ್ಲಿಸಿದೆ, ಹೊರಗಿನಿಂದ ಬರುವುದು ಬರ್ತದೆ. ಗೂಗಲ್ ಒಪಿನಿಯನ್ ರಿವಾರ್ಡ್ಸ್ ಅಂತ ಗೂಗಲಿನದ್ದೇ ಸರ್ವೆ ಆ್ಯಪ್ ಉಂಟು, ಅದು ನಿಜವೇ, ಆದ್ರೆ ಆಂಡ್ರಾಯ್ಡ್ ಫೋನಿನಲ್ಲಿ ಕೊಡುವುದು ಪ್ಲೇ ಸ್ಟೋರಿನ ಬ್ಯಾಲೆನ್ಸು, ಅದರಲ್ಲಿ ಮೀನು ತರ್ಲಿಕ್ಕೆ ಆಗುವುದಿಲ್ಲ.

ಮತ್ತೆ ನಮಗೆ ಇನ್ನೊಂದು ಕಷ್ಟ. ಕೇರಳ ಅಂತ ಹಾಕಿ ಕಾಸರಗೋಡಿನ 671ರ ಪಿನ್ ಕೊಟ್ಟ ಕೂಡಲೇ ಮಲಯಾಳಂ ಚಾನೆಲುಗಳ ಪಟ್ಟಿ ಬರ್ತದೆ, ಯಾವುದು ನೋಡ್ತೀರಿ ಅಂತ. ನಮ್ಮ ಮನೆಯಲ್ಲಿ ನೋಡುವುದು ಕನ್ನಡ ಧಾರಾವಾಹಿ. ‘ಯಾವುದೂ ಅಲ್ಲ’ ಅಂತ ಒತ್ತಿದ್ರೆ ಹೊರಗೆ. ಆ 428ರಲ್ಲಿ ಅರ್ಧ ಇದೇ ಇರಬಹುದು.

ಬೀಡಿಎಲೆ, ಮಂಜೇಶ್ವರ:
118 ಗಂಟೆಗೆ 4,026. ಅಂದ್ರೆ ಗಂಟೆಗೆ 34 ರೂಪಾಯಿ. ಇದನ್ನು ಹೆಮ್ಮೆಯಲ್ಲಿ ಬೇರೆ ಬರೆದಿದ್ದೀರಿ. ನನ್ನ ಅತ್ತೆ ಜೀವಮಾನ ಇಡೀ ಬೀಡಿ ಕಟ್ಟಿದವರು. ಬೆನ್ನು ಬಗ್ಗಿತು, ಕೆಮ್ಮು ಬಂತು, ಸರಿ. ಆದ್ರೂ ಅವರಿಗೆ ಪಿಎಫ್ ಉಂಟು, ಶನಿವಾರ ಕೈಯಲ್ಲಿ ದುಡ್ಡು ಉಂಟು. ಅರ್ಧ ಕಟ್ಟಿದ ಮೇಲೆ ‘ನೀವು ಈ ಬೀಡಿಗೆ ಅರ್ಹರಲ್ಲ’ ಅಂತ ಯಾರೂ ಹೇಳಿಲ್ಲ.

ರಾತ್ರಿಪಾಳಿ, ಕುಂಬಳೆ:
ಅಕ್ಕ, ಕೂತಲ್ಲೇ ಸಿಕ್ಕಿದ್ದು ಅದು. ಯಾರ ಕೈಯಿಂದ ಕಿತ್ತುಕೊಂಡದ್ದಲ್ಲ. ಮಗಳ ಒಂದು ವರ್ಷದ ಪುಸ್ತಕ, ಬ್ಯಾಗು ಅದರಲ್ಲೇ ಆಯ್ತು. ನಿಮಗೆ ನಗೆ ಬಂದ್ರೆ ನಗಿ.

ಗಡಿಕಲ್ಲು:
ಕುಂಬಳೆಯವರಿಗೆ ಉಪಾಯ ಗೊತ್ತಿಲ್ಲ. ಪ್ರೊಫೈಲಿನಲ್ಲಿ ಕರ್ನಾಟಕ, ಮಂಗಳೂರು, 575001 ಅಂತ ಹಾಕಿ. ತಲಪಾಡಿ ಗಡಿಯ ಈಚೆಗೆ ಹೇಗೂ ಟವರ್ ಅತ್ತದ್ದೇ ಸಿಗ್ತದೆ. ಕನ್ನಡದ ಸರ್ವೆ ಬರ್ತದೆ, ನನಗೆ ತಿಂಗಳಿಗೆ ಐನೂರು ಎಲ್ಲೂ ಹೋಗುವುದಿಲ್ಲ.

ರಾತ್ರಿಪಾಳಿ, ಕುಂಬಳೆ:
ಅದನ್ನು ಮಾಡಿ ನೋಡಿಯೇ ಹೇಳ್ತಾ ಇದ್ದೇನೆ. ಒಂದು ಸೈಟಿನಲ್ಲಿ 1,900 ಆಗಿತ್ತು, 2,000 ಆಗದೆ ತೆಗೀಲಿಕ್ಕೆ ಬಿಡುವುದಿಲ್ಲ. ಎರಡು ಸಾವಿರ ಮುಟ್ಟಿದ ದಿನ ವಿಳಾಸದ ದಾಖಲೆ ಕೇಳಿದ್ರು. ಆಧಾರಿನಲ್ಲಿ ಕಾಸರಗೋಡು ಜಿಲ್ಲೆ. ಖಾತೆ ಬಂದ್, ಇಮೇಲಿಗೆ ಉತ್ತರವೇ ಇಲ್ಲ. ತಪ್ಪು ನನ್ನದೇ, ಅವರನ್ನು ಬೈಯುವ ಹಾಗೂ ಇಲ್ಲ. ಆ ಮೊತ್ತ ಮೇಲಿನ 4,026ರಲ್ಲಿ ಸೇರಿಲ್ಲ.

ನಿವೃತ್ತ ಮಾಷ್ಟ್ರು, ನೀರ್ಚಾಲು:
ಐನೂರು ರೂಪಾಯಿಗೆ ಊರನ್ನೇ ಮುಚ್ಚಿಡುವುದು. 1956ರಲ್ಲಿ ಕೇರಳಕ್ಕೆ ಸೇರಿಸಿದಂದಿನಿಂದ ಕನ್ನಡದವರು ನಾವು ಇಲ್ಲಿ ಇದ್ದೇವೆ ಅಂತ ಹೇಳಿ ಹೇಳಿ ಗಂಟಲು ಒಣಗಿದೆ. ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದ್ದಕ್ಕೆ ಧರಣಿ ಕೂತಿದ್ದೇವೆ. ಇಲ್ಲಿ ನಮ್ಮ ಹುಡುಗರು ತಾವಾಗಿಯೇ 575001 ಅಂತ ಬರೀತಾರೆ. ಮತ್ತೆ ಕಂಪನಿಯವನ ಕಡತದಲ್ಲಿ ಕಾಸರಗೋಡಿನಲ್ಲಿ ಕನ್ನಡ ಚಾನೆಲ್ ನೋಡುವವರು ಸೊನ್ನೆ. ‘ಯಾವುದೂ ಅಲ್ಲ’ ಅಂತ ಒತ್ತಿ ಹೊರಗೆ ಬಿದ್ದವನೇ ಸರಿ.

ಗಡಿಕಲ್ಲು:
ಮಾಷ್ಟ್ರೇ, ನಿಮಗೆ ಪೆನ್ಶನ್ ಬರ್ತದೆ. ‘ಯಾವುದೂ ಅಲ್ಲ’ ಅಂತ ಒತ್ತಿ ಹಾಯಾಗಿ ಇರಬಹುದು.

ಬೀಡಿಎಲೆ, ಮಂಜೇಶ್ವರ:
ಗಡಿಕಲ್ಲು, ಹಿರಿಯರ ಹತ್ತಿರ ಮಾತಾಡುವ ಕ್ರಮ ಅಲ್ಲ ಅದು.

ಜೆರಾಕ್ಸ್ ಅಂಗಡಿ, ಉಪ್ಪಳ:
ಪಂಚಾತಿಕೆ ಮತ್ತೆ ಮಾಡುವಾ. ಎಣ್ಮಕಜೆಯವರು ಸ್ಕ್ರೀನ್‌ಶಾಟ್ ಅಂತ ಬರೆದಿದ್ದಾರಲ್ಲ, ಅದಕ್ಕೆ ಹೇಳ್ತೇನೆ. ನನಗೂ ಬಂದಿತ್ತು. 340 ರೂಪಾಯಿ. ಒಂದು ಪೈಸೆ ಕಟ್ಟಿರಲಿಲ್ಲ, ನಾಲ್ಕು ಹೋಟೆಲಿಗೆ ಸ್ಟಾರ್ ಕೊಟ್ಟದ್ದು, ಒಂದು ಸರ್ವೆ ತುಂಬಿದ್ದು, ಅಷ್ಟೇ. ಯುಪಿಐಯಲ್ಲಿ ಟಣ್ ಅಂತ ಬಂತು. ಕಳಿಸಿದವರ ಹೆಸರು ನೋಡಿದ್ರೆ ಕಂಪನಿ ಅಲ್ಲ, ಉತ್ತರದ ಕಡೆಯ ಯಾವುದೋ ಹೆಂಗಸಿನ ಹೆಸರು. ನಾನು ಅದನ್ನು ಮಂಡೆಗೆ ಹಾಕಿಕೊಳ್ಳಲಿಲ್ಲ.

ಹನ್ನೆರಡನೇ ದಿನ ಹೋಲ್‌ಸೇಲಿನವನಿಗೆ ಕಾಗದದ ಬಿಲ್ಲು ಕಳಿಸಲಿಕ್ಕೆ ಹೋದ್ರೆ ಹೋಗುವುದಿಲ್ಲ. ಬ್ಯಾಂಕಿಗೆ ಹೋದೆ. ಬೇರೆ ರಾಜ್ಯದ ಸೈಬರ್ ಪೊಲೀಸರು ಖಾತೆ ತಡೆದಿದ್ದಾರೆ. ಆ ಹೆಂಗಸಿನ ಖಾತೆಗೆ ಇನ್ಯಾರದೋ ಮೋಸದ ದುಡ್ಡು ಬಂದಿತ್ತಂತೆ, ಅದರಲ್ಲಿ 340 ಹರಿದು ನನ್ನಲ್ಲಿಗೆ. ಖಾತೆಯಲ್ಲಿ 61,000 ಇತ್ತು. 340ಕ್ಕೆ ಇಡೀ 61,000! ಕ್ಯೂಆರ್ ಬೋರ್ಡು ತೆಗೆದು ಹೆಂಡತಿಯ ಖಾತೆಯದ್ದು ಅಂಟಿಸಿದೆ. ‘ನಿಮ್ಮದು ಎಂತ ಆಯ್ತು’ ಅಂತ ಕೇಳದ ಗಿರಾಕಿ ಇಲ್ಲ. 2023ರಲ್ಲಿ ಕೇರಳ ಹೈಕೋರ್ಟು ವಿವಾದದ ಮೊತ್ತಕ್ಕೆ ಮಾತ್ರ ತಡೆ ಇರಲಿ ಅಂತ ಹೇಳಿದ್ದು ಉಂಟು, ಅದರ ಪ್ರಿಂಟು ನನ್ನ ಅಂಗಡಿಯಲ್ಲೇ ತೆಗೆದು ಬ್ಯಾಂಕಿಗೆ ಕೊಟ್ಟೆ. ಮೇಲಿನವರಿಗೆ ಕಳಿಸ್ತೇವೆ ಅಂದ್ರು. ವಕೀಲರ ನೋಟೀಸಿಗೆ 3,000, ಅಫಿಡವಿಟ್ಟು ನೋಟರಿ ಸೇರಿ 650, ಆ ಪೊಲೀಸ್ ಠಾಣೆಗೆ ರಿಜಿಸ್ಟರ್ಡ್ ಪೋಸ್ಟು ಮೂರು ಸಲ, ಫೋನಿನಲ್ಲಿ ನನ್ನ ಹರಕು ಹಿಂದಿ. ಬಿಡುಗಡೆ ಆದದ್ದು 5 ತಿಂಗಳು 11 ದಿನಕ್ಕೆ. ದುಡ್ಡು ಬಂತು ಅಂದ್ರೆ ಕಂಪನಿ ನಿಜ ಅಂತ ಹೇಳುವವರು ಬಂದದ್ದು ಯಾರ ಹೆಸರಿನಿಂದ ಅಂತ ಒಮ್ಮೆ ನೋಡಿ.

ಇನ್ನು ಆ ಗವರ್ಮೆಂಟ್ ಸರ್ಟಿಫಿಕೇಟು. ಸಣ್ಣ ಉದ್ಯಮದವರು ಮಾಡಿಸುವ ಉದ್ಯಮ್ ರಿಜಿಸ್ಟ್ರೇಷನ್ ಇರಬೇಕು, ಅಶೋಕ ಸ್ತಂಭ, ಕ್ಯೂಆರ್ ಎಲ್ಲ ಇರ್ತದೆ. ನನ್ನ ಅಂಗಡಿಯಲ್ಲೇ ಮಾಡಿಕೊಡ್ತೇನೆ. ಸರಕಾರಕ್ಕೆ ಫೀಸು ಇಲ್ಲ, ನಾವು ಹೇಳಿದ್ದನ್ನೇ ಬರೆದುಕೊಳ್ತದೆ, ಆಧಾರ್ ಒಟಿಪಿ ಬಂದ್ರೆ ಆಯ್ತು. ಗೂಡಂಗಡಿಗೂ ಸಿಗ್ತದೆ.

ಒಂದೇಸಲ:
ನಾನು ಹೆಸರು ಊರು ಎರಡೂ ಹಾಕುವುದಿಲ್ಲ. ಮನೆಯವರಿಗೆ ಪೂರ್ತಿ ಗೊತ್ತಿಲ್ಲ. ನನ್ನದೂ ಸರ್ವೆಯಿಂದಲೇ ಶುರು. ಒಂದು ಸರ್ವೆಗೆ 150 ಬಂತು, ಅದೇ ದಿನ ಟೆಲಿಗ್ರಾಂ ಗ್ರೂಪಿಗೆ ಹಾಕಿದ್ರು. ದಿನಕ್ಕೆ ಇಪ್ಪತ್ತು ಟಾಸ್ಕು, ಅದರಲ್ಲಿ ಮೂರು ‘ಪ್ರೀಪೇಯ್ಡ್’. 1,000 ಹಾಕಿದೆ, 1,300 ಬಂತು. 3,000 ಹಾಕಿದೆ, 3,900 ಬಂತು. 8,000 ಹಾಕಿದಾಗ ಸ್ಕ್ರೀನಿನಲ್ಲಿ 10,400 ಕಾಣ್ತದೆ, ತೆಗೀಲಿಕ್ಕೆ ಆಗುವುದಿಲ್ಲ. ಇನ್ನೆರಡು ಟಾಸ್ಕು ಮುಗಿಸಿದ್ರೆ ಒಟ್ಟಿಗೆ ಬರ್ತದಂತೆ. 15,000. ಆಮೇಲೆ ‘ನೀವು ತಪ್ಪು ಬಟನ್ ಒತ್ತಿದ್ರಿಂದ ಇಡೀ ಗ್ರೂಪಿನವರ ದುಡ್ಡು ನಿಂತಿದೆ’. ಗ್ರೂಪಿನಲ್ಲಿ ನಾಲ್ವರು ಅಳ್ತಾ ಮೆಸೇಜು ಹಾಕಿದ್ರು, ಅಕ್ಕನ ಮದುವೆ ಉಂಟು, ದಮ್ಮಯ್ಯ ಬೇಗ ಸರಿ ಮಾಡಿ ಅಂತ. ನಾನು ಅವರಿಗೆ ಪಾಪ ಅಂತ ಚಿನ್ನ ಅಡವಿಟ್ಟು 25,700 ಹಾಕಿದೆ. ಆ ನಾಲ್ವರೂ ಅವರದ್ದೇ ಜನ. ಕೊನೆಗೆ ವಾಪಸ್ ಬಾರದೆ ಹೋದದ್ದು 48,700.

ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಮೂರನೇ ದಿನ. ಮೊದಲ ಎರಡು ದಿನ ನಾಚಿಕೆ. ಅಷ್ಟರಲ್ಲಿ ದುಡ್ಡು ನಾಲ್ಕೈದು ಖಾತೆ ದಾಟಿಯಾಗಿತ್ತು, ಹಿಡಿದು ನಿಲ್ಲಿಸಿದ್ದು 6,200. ಅದೂ ಕೋರ್ಟಿನ ಆದೇಶ ಆದ ಮೇಲೆ ಕೈಗೆ. ಕಟ್ಟಿದ ಗಂಟೆಯೊಳಗೆ ಫೋನ್ ಮಾಡಿದವರಿಗೆ ಹೆಚ್ಚು ಸಿಗ್ತದೆ ಅಂತ ಅಲ್ಲಿಯವರೇ ಹೇಳಿದ್ರು. ಬ್ಯಾಂಕಿನಲ್ಲಿ ಕೇಳಿದ್ದಕ್ಕೆ, ಪಿನ್ ಒತ್ತಿದ್ದು ನೀವೇ, ನಾವು ಹೊಣೆ ಅಲ್ಲ ಅಂದ್ರು.

ಗಡಿಕಲ್ಲು:
ಸಾರಿ ಬ್ರದರ್, ಆದ್ರೆ 8,000ಕ್ಕೇ ನಿಲ್ಲಿಸಬಹುದಿತ್ತಲ್ಲ. ಅತಿ ಆಸೆ.

ಒಂದೇಸಲ:
ನಿಲ್ಲಿಸಬಹುದಿತ್ತು. ನೀನು ಐನೂರಕ್ಕೆ ಜಿಲ್ಲೆಯನ್ನೇ ಬದಲಿಸಿದವ, ನನಗೆ ಆಸೆಯ ಪಾಠ ಹೇಳಬೇಡ.

ಅಡಿಕೆಸೋಗೆ, ಬದಿಯಡ್ಕ:
ಸರಿಯಾಗಿ ಹೇಳಿದಿ ಮಾರಾಯ. ಅಡವಿಟ್ಟ ಚಿನ್ನ ಬಿಡಿಸಿದೆಯಾ? ಬಡ್ಡಿ ಏರಿಸಿಕೊಳ್ಳಬೇಡ, ನಾನು ಆ ವರ್ಷ ಹಾಗೇ ಬಿಟ್ಟು ಹೆಂಡತಿಯ ಎರಡು ಬಳೆ ಹರಾಜಿಗೆ ಹೋಯ್ತು. ಮೇಲೆ ಅದನ್ನು ಬರೀಲಿಲ್ಲ.

ಎಣ್ಮಕಜೆಯವಳು:
ಎಲ್ಲರದ್ದೂ ಓದಿದೆ. ನಾನು ಇನ್ನೂ ಕಟ್ಟಲಿಲ್ಲ. ಆದ್ರೆ ಪಾನ್ ಕಾರ್ಡಿನ ಫೋಟೋ ಮೊನ್ನೆಯೇ ಕಳಿಸಿ ಆಗಿದೆ. ಅದಕ್ಕೆ ಎಂತ ಮಾಡುವುದು? ಅದರ ಬಗ್ಗೆ ಯಾರೂ ಹೇಳಲಿಲ್ಲ.

ಜೆರಾಕ್ಸ್ ಅಂಗಡಿ, ಉಪ್ಪಳ:
ಕಳಿಸಿದ್ದನ್ನು ವಾಪಸ್ ತರ್ಲಿಕ್ಕೆ ಆಗುವುದಿಲ್ಲ ತಂಗಿ. ನಿಮ್ಮ ಹೆಸರಲ್ಲಿ ಯಾರಾದ್ರೂ ಸಾಲ ತೆಗೆದಿದ್ದಾರಾ ಅಂತ ನೋಡ್ತಾ ಇರಿ. ನಮ್ಮ ಹೆಸರಿನ ಸಾಲದ ಲೆಕ್ಕ ಇರುವ ಕ್ರೆಡಿಟ್ ರಿಪೋರ್ಟು, ಅದನ್ನು ಇಡುವ ಪ್ರತಿ ಬ್ಯೂರೋದಿಂದ ವರ್ಷಕ್ಕೆ ಒಂದು ಸಲ ಪುಕ್ಕಟೆ, ಸಿಬಿಲ್ ಒಂದೇ ಅಲ್ಲ, ಒಟ್ಟು ನಾಲ್ಕು ಉಂಟು, ಮೂರು ಮೂರು ತಿಂಗಳಿಗೆ ಒಂದೊಂದು ತೆಗೆದ್ರೆ ವರ್ಷ ಇಡೀ ಕಣ್ಣಿಟ್ಟ ಹಾಗಾಯ್ತು. ಸರಕಾರದ ಸಂಚಾರ್ ಸಾಥಿ ಸೈಟಿನಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಉಂಟು ಅಂತ ಕಾಣ್ತದೆ. ಒಟಿಪಿ ಎಂತಾದ್ರೂ ಹೇಳಿದ್ದೀರಾ? ಆಧಾರ್?

ಎಣ್ಮಕಜೆಯವಳು:
ಇಲ್ಲ, ಪಾನ್ ಮಾತ್ರ. ಥ್ಯಾಂಕ್ಸ್ ಅಣ್ಣ.

ನಾನು ಕಟ್ಟುವುದಿಲ್ಲ ಅಂತ ಅವರಿಗೆ ಮೆಸೇಜ್ ಹಾಕಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು, ಮೇಡಂ ನಿಮಗೆ ಅಂತ ಸ್ಪೆಷಲ್ ಮಾಡಿ 499ಕ್ಕೆ ಇಳಿಸಿದ್ದೇವೆ ಅಂತ. ಮೈದುನ ಹೇಳ್ತಾನೆ, ಕೇಳಿದ ಕೂಡಲೇ ಕಡಿಮೆ ಮಾಡಿದ್ರಲ್ಲ ಅತ್ತಿಗೆ, ಒಳ್ಳೆ ಜನವೇ ಇರಬೇಕು.