ಲೇಸರ್‌ನಿಂದ ಹಾರ್ಟಲ್ಲಿ ಹೊಸ ರಕ್ತನಾಳ, ಯಾರಾದ್ರೂ ಮಾಡಿಸಿದೀರಾ?

ಅಪ್ಪಂಗೆ 71. ಬೈಪಾಸ್ ಆಗಿ 12 ವರ್ಷ, ಆಮೇಲೆ ಎರಡು ಸಲ ಸ್ಟೆಂಟ್, ಈಗ ನಾಳಗಳು ತೀರಾ ಸಣ್ಣ ಆಗ್ಬಿಟ್ಟಿವೆ ಇನ್ನೇನೂ ಹಾಕಕ್ಕಾಗಲ್ಲ ಅಂತಿದಾರೆ. ಮೆಟ್ಟಿಲು ಹತ್ತುವಾಗ ಎದೆ ಹಿಡ್ಕೊಳುತ್ತೆ, ನಮಗೆ ಗೊತ್ತಾಗ್ಬಾರ್ದು ಅಂತ ಚಪ್ಪಲಿ ನೋಡ್ಕೊಳ್ಳೋ ಹಾಗೆ ನಿಂತ್ಬಿಡ್ತಾರೆ. ಲೇಸರ್‌ನಲ್ಲಿ ಹಾರ್ಟಿಗೆ ತೂತು ಹಾಕಿದ್ರೆ ಹೊಸ ನಾಳ ಬೆಳೆಯುತ್ತಂತೆ, ಹೌದಾ? ಅನುಭವ ಇದ್ದವರು ಹೇಳಿ.

ಉತ್ತರ: ನಮ್ ದೊಡ್ಡಪ್ಪಂಗೆ ಬೈಪಾಸ್ ಜೊತೇಲೇ ಮಾಡಿದ್ರು, ನಾಳ ಜೋಡಿಸೋಕೆ ಆಗದ ಜಾಗಕ್ಕೆ ಮಾತ್ರ. ಹಾರ್ಟ್ ಬಡೀತಿರುವಾಗ್ಲೇ ಹೊರಗಿಂದ ಒಳಗಿನವರೆಗೆ ಸುಮಾರು 1 ಮಿಲಿಮೀಟರ್ ಅಗಲದ ತೂತು, ಒಂದೊಂದಕ್ಕೂ ಸರ್ಜನ್ ಬೆರಳು ಒತ್ತಿ ಹಿಡಿದು ರಕ್ತ ನಿಲ್ಲಿಸ್ತಾರಂತೆ, ಕೇಳೇ ನನಗೆ ಕೈ ನಡುಗಿತ್ತು. ಮರುದಿನಾನೇ ನೋವು ಹೋಗುತ್ತೆ ಅನ್ಕೋಬೇಡಿ, ನಮಗೆ ನಾಲ್ಕೈದು ತಿಂಗಳು ಹಿಡೀತು. ಆದ್ರೆ ಬೈಪಾಸ್‌ನಿಂದ ಎಷ್ಟು ಆಯ್ತು ಲೇಸರ್‌ನಿಂದ ಎಷ್ಟು ಆಯ್ತು, ಅದನ್ನ ಬಿಡಿಸಿ ಹೇಳೋಕೆ ನಮ್ಮಿಂದ ಆಗಲ್ಲ.

ಉತ್ತರ: ಕ್ಯಾತ್‌ಲ್ಯಾಬಲ್ಲಿ, ಅಂದ್ರೆ ಆಂಜಿಯೋಗ್ರಾಂ, ಸ್ಟೆಂಟ್ ಎಲ್ಲ ಮಾಡೋ ರೂಮಲ್ಲಿ ಕೆಲಸ ಮಾಡಿದ್ದವಳು ನಾನು. ಮೊದಲು ಒಂದು ಮಾತು, ಹಾರ್ಟ್‌ಬೀಟ್ ಏರುಪೇರಾದ್ರೆ ಮಾಡೋ ಅಬ್ಲೇಶನ್ ಬೇರೆ, ಇದು ಬೇರೆ, ಎರಡನ್ನೂ ಕಲಸ್ಕೊಂಡು ಬರೋರು ಬಹಳ. ಸರೀಸೃಪಗಳ ಹಾರ್ಟಲ್ಲಿ ಒಳಗಿನ ರಕ್ತ ನೇರವಾಗಿ ಮಾಂಸಖಂಡಕ್ಕೆ ಹೋಗುತ್ತಲ್ಲ, ಅದೇ ಥರ ದಾರಿ ಮಾಡೋಣ ಅಂತ ಶುರುವಾಗಿದ್ದು ಇದು. ಆದ್ರೆ ತೂತುಗಳು ಬೇಗ ಮುಚ್ಚಿಹೋಗ್ತವೆ. ಹಾಗಾದ್ರೆ ನೋವು ಯಾಕೆ ಕಮ್ಮಿ ಆಗುತ್ತೆ? ಸುಟ್ಟ ಗಾಯ ಮಾಯುವಾಗ ಸುತ್ತ ಸಣ್ಣ ಸಣ್ಣ ನಾಳ ಹುಟ್ಟುತ್ತೆ ಅನ್ನೋರು ಇದಾರೆ, ನೋವಿನ ನರಾನೇ ಸುಟ್ಟಿರುತ್ತೆ ಅನ್ನೋರೂ ಇದಾರೆ. 1999ರ ಒಂದು ಅಧ್ಯಯನದಲ್ಲಿ ಒಂದು ವರ್ಷದ ಹೊತ್ತಿಗೆ ಲೇಸರ್ ಆದವರಲ್ಲಿ 100ಕ್ಕೆ 72 ಜನಕ್ಕೆ ಎದೆನೋವು, ಡಾಕ್ಟ್ರುಗಳು ಅದರ ತೀವ್ರತೆ ಅಳೆಯೋ ನಾಲ್ಕು ಹಂತದಲ್ಲಿ, ಕನಿಷ್ಠ ಎರಡು ಹಂತ ಇಳಿದಿತ್ತು, ಬರೀ ಮಾತ್ರೆಯವರಲ್ಲಿ 13. ಕೇಳೋಕೆ ಭಾರೀ ಚೆನ್ನಾಗಿದೆ ಅಲ್ವಾ, ಆದ್ರೆ 2005ರಲ್ಲಿ ಬಂದ ಇನ್ನೊಂದರಲ್ಲಿ ಎದೆ ತೆರೆಯದೆ ಕ್ಯಾತಿಟರ್‌ನಿಂದ (ರಕ್ತನಾಳದೊಳಗೆ ತೂರಿಸೋ ಸಣ್ಣ ಕೊಳವೆ) ಲೇಸರ್ ಬಿಟ್ರು, ಕೆಲವರಿಗೆ ಸುಮ್ನೆ ಮಾಡಿದ ಹಾಗೆ ನಾಟಕ ಆಡಿದ್ರು, ಒಟ್ಟು 298 ಜನ, ಕೊನೆಗೆ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ಥರ ಆರಾಮ! ನನ್ನ ಅಪ್ಪ ಆಗಿದ್ರೆ ಇದಕ್ಕೋಸ್ಕರ ಮಾತ್ರ ಎದೆ ತೆರೆಸ್ತಿರ್ಲಿಲ್ಲ.

ಉತ್ತರ: ಅಮ್ಮಂಗೆ ಇದೇ ಸ್ಥಿತಿ ಇತ್ತು, ಇಇಸಿಪಿ ಮಾಡಿಸಿದ್ವಿ, ಕಾಲಿಗೆ ಪಟ್ಟಿ ಕಟ್ಟಿ ಒತ್ತುತ್ತಾರೆ, ದಿನಾ ಒಂದು ಗಂಟೆ, ಒಟ್ಟು 35 ದಿನ. ಸ್ವಲ್ಪ ಪರವಾಗಿಲ್ಲ. ಅದಕ್ಕೂ ಮುಂಚೆ ಎಲ್ಲಾ ಮಾತ್ರೇನೂ ಸರಿಯಾಗಿ ತಗೋತಿದಾರಾ ನೋಡಿ ಸರ್.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕೊನೆಯವರು ಹೇಳಿದ್ಮೇಲೆ ಡಬ್ಬಿ ತೆಗೆದು ಎಣಿಸಿದೆ, ಎದೆನೋವಿಗೆ ಕೊಟ್ಟಿರೋ ನೈಟ್ರೇಟ್ ಮಾತ್ರೆ ತಗೊಂಡ್ರೆ ತಲೆನೋವು ಬರುತ್ತೆ ಅಂತ ಅಪ್ಪ ಯಾವಾಗಿಂದಲೋ ಬಿಟ್ಬಿಟ್ಟಿದಾರೆ, ಡಾಕ್ಟ್ರಿಗೂ ಹೇಳಿಲ್ಲ. ಸೋಮವಾರ ಡಬ್ಬಿ ಸಮೇತ ಕರ್ಕೊಂಡು ಹೋಗ್ತೀನಿ, ಲೇಸರ್ ಮಾತು ಆಮೇಲೆ.