ಸದಸ್ಯರ ತಪ್ಪಿಗೆ ಇಡೀ ಪಂಥ ಹೊಣೆಯೇ?

ಪ್ರಶ್ನೆ

ಒಂದು ಧರ್ಮಕ್ಕೆ ಸೇರಿದವನೊಬ್ಬ ಘೋರ ಅಪರಾಧ ಎಸಗಿದಾಗ ಎರಡು ಮಾತುಗಳು ಕೇಳಿಬರುತ್ತವೆ: ‘ಆ ಧರ್ಮದವರೇ ಹಾಗೆ’ ಎಂಬುದು ಒಂದು, ‘ಅವನು ನಿಜವಾದ ಅನುಯಾಯಿಯೇ ಅಲ್ಲ’ ಎಂಬುದು ಇನ್ನೊಂದು. ಮೊದಲನೆಯದು ಅನ್ಯಾಯ, ಎರಡನೆಯದು ನನಗೆ ನುಣುಚಿಕೊಳ್ಳುವ ಮಾತಿನಂತೆ ಕಾಣುತ್ತದೆ. ಸದಸ್ಯರ ಸತ್ಕಾರ್ಯಗಳ ಕೀರ್ತಿಯನ್ನು ತನ್ನದೆಂದು ಹೇಳಿಕೊಳ್ಳುವ ಪಂಥವು ಅವರ ತಪ್ಪಿನ ಹೊಣೆಯನ್ನು ಯಾವ ನ್ಯಾಯದಿಂದ ನಿರಾಕರಿಸುತ್ತದೆ?

ಉತ್ತರ 1

ತಪ್ಪು ಮಾಡಿದವರು ಎಷ್ಟು ಜನ ಎಂಬುದಕ್ಕಿಂತ, ತಪ್ಪು ತಿಳಿದ ಮೇಲೆ ಸಂಸ್ಥೆ ಏನು ಮಾಡಿತು ಎಂಬುದನ್ನು ನೋಡಬೇಕು ಎನ್ನುವುದು ನನ್ನ ನಿಲುವು. ಅಮೆರಿಕದ ಕ್ಯಾಥೊಲಿಕ್ ಚರ್ಚಿನ ಬಗ್ಗೆ 2004ರಲ್ಲಿ ಪ್ರಕಟವಾದ ಜಾನ್ ಜೇ ಕಾಲೇಜಿನ ಅಧ್ಯಯನದ ಪ್ರಕಾರ, 1950ರಿಂದ 2002ರವರೆಗೆ 4,392 ಪಾದ್ರಿಗಳ ಮೇಲೆ ಮಕ್ಕಳ ಲೈಂಗಿಕ ಶೋಷಣೆಯ ಆರೋಪಗಳಿದ್ದವು. ಅದು ಆ ಅವಧಿಯ ಪಾದ್ರಿಗಳಲ್ಲಿ ಸುಮಾರು ಶೇಕಡಾ 4. ಈ ಅಂಕಿಯನ್ನು ಹಿಡಿದು ಎದುರಿಗೆ ಬಂದ ಪಾದ್ರಿಯನ್ನೆಲ್ಲ ಸಂಶಯಿಸುವುದು ತಪ್ಪು. ಆದರೆ ಆರೋಪ ತಿಳಿದಿದ್ದೂ ಧರ್ಮಾಧ್ಯಕ್ಷರು (ಬಿಷಪ್ಪರು) ಅಂಥವರನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಿದ್ದು, 2002ರಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಬಯಲಿಗೆಳೆದಂತೆ, ಸಂಸ್ಥೆಯೇ ಮಾಡಿದ ಕೆಲಸ. ‘ಯೆಹೋವನ ಸಾಕ್ಷಿಗಳು’ ಎಂಬ ಕ್ರೈಸ್ತ ಪಂಥದ ವಿಷಯದಲ್ಲಿ ನಿಯಮವೇ ಪ್ರಶ್ನೆಗೆ ಒಳಗಾಯಿತು: ಆರೋಪಿತನು ಒಪ್ಪಿಕೊಳ್ಳದಿದ್ದರೆ ಪಂಥದೊಳಗೆ ಕ್ರಮ ಕೈಗೊಳ್ಳಲು ತಪ್ಪನ್ನು ಕಂಡ ಇಬ್ಬರು ಬೇಕೆನ್ನುವ ಆ ಪಂಥದ ಆಸ್ಟ್ರೇಲಿಯಾದ ಕಡತಗಳಲ್ಲಿ 1950ರಿಂದೀಚೆಗೆ 1,006 ಆರೋಪಿತರ ದಾಖಲೆಗಳಿದ್ದವು, ಅವರಲ್ಲಿ ಒಬ್ಬರ ಬಗ್ಗೆಯೂ ಪಂಥವು ಪೊಲೀಸರಿಗೆ ದೂರು ಕೊಟ್ಟಿರಲಿಲ್ಲವೆಂಬುದು ಅಲ್ಲಿನ ಸರ್ಕಾರ ನೇಮಿಸಿದ ತನಿಖಾ ಆಯೋಗ (ರಾಯಲ್ ಕಮಿಷನ್) 2015ರಲ್ಲಿ ನಡೆಸಿದ ವಿಚಾರಣೆಯಲ್ಲಿ ಹೊರಬಂತು. (ಇಬ್ಬರು ಸಾಕ್ಷಿಗಳ ಎದುರು ಇಂಥ ಅಪರಾಧ ಯಾರು ತಾನೇ ಮಾಡುತ್ತಾರೆ?)

ಉತ್ತರ 2

ಧರ್ಮಾಧ್ಯಕ್ಷರು, ಕಡತ, ಸದಸ್ಯತ್ವ ಎಲ್ಲವೂ ಇರುವ ಸಂಸ್ಥೆಗಳಿಗೆ ಈ ಅಳತೆ ಸರಿ. ಒಬ್ಬ ಮುಖ್ಯಸ್ಥನೇ ಇಲ್ಲದ, ಹುಟ್ಟಿನಿಂದಲೇ ಜನ ಸೇರಿಹೋಗುವ ಧರ್ಮಗಳಲ್ಲಿ ಉತ್ತರ ಕೊಡಬೇಕಾದವರು ಯಾರು? ಅಲ್ಲಿ ಸಮೂಹದ ಮೇಲಿನ ತೀರ್ಪು ಕೈಗೆ ಸಿಕ್ಕ ಅಮಾಯಕನ ಮೇಲೆಯೇ ಬೀಳುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿ ನಡೆದ ನಾಲ್ಕೇ ದಿನಗಳಲ್ಲಿ ಅರಿಜೋನಾದಲ್ಲಿ ಸಿಖ್ಖರೊಬ್ಬರನ್ನು, ಅವರ ಪೇಟ ಗಡ್ಡಗಳನ್ನು ಕಂಡು, ಗುಂಡಿಕ್ಕಿ ಕೊಲ್ಲಲಾಯಿತು. ಅವರು ದಾಳಿಕೋರರ ಧರ್ಮದವರೂ ಆಗಿರಲಿಲ್ಲ. ಆಗಿದ್ದರೂ ಆ ಕೊಲೆ ಅಷ್ಟೇ ಅನ್ಯಾಯವಾಗಿರುತ್ತಿತ್ತು.

ಉತ್ತರ 3

ಕೀರ್ತಿಯ ಪ್ರಶ್ನೆಯನ್ನು ಯಾರೂ ಎತ್ತಿಕೊಂಡಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಲ ಶಾಂಬೋನ್ ಹಳ್ಳಿಯ ಪ್ರೊಟೆಸ್ಟಂಟರು, ಪಾದ್ರಿ ಆಂದ್ರೆ ತ್ರೊಕ್ಮೆಯವರ ಮುಂದಾಳತ್ವದಲ್ಲಿ, ಯಹೂದಿಗಳನ್ನು ಅಡಗಿಸಿಟ್ಟು ಕಾಪಾಡಿದರು. ಕರೆ ಚರ್ಚಿನ ವೇದಿಕೆಯಿಂದಲೇ ಬಂದದ್ದರಿಂದ ಕೀರ್ತಿಯಲ್ಲಿ ಆ ಸಭೆಗೆ ಪಾಲಿದೆ. ಅದೇ ಕಾಲದಲ್ಲಿ ಜರ್ಮನಿಯ ‘ಜರ್ಮನ್ ಕ್ರೈಸ್ತರು’ ಎಂಬ ಪ್ರೊಟೆಸ್ಟಂಟ್ ಬಣ ಹಿಟ್ಲರನ ಬೆನ್ನಿಗೆ ನಿಂತಿತ್ತು. ಹೀಗಿರುವಾಗ ‘ಪ್ರೊಟೆಸ್ಟಂಟರು ಹೇಗೆ?’ ಎಂಬ ಪ್ರಶ್ನೆಗೇ ಅರ್ಥವಿಲ್ಲ. ಯಾವ ಸಭೆ, ಯಾವಾಗ, ಏನು ಬೋಧಿಸಿತು ಎಂದು ಕೇಳಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕೀರ್ತಿಗೂ ಹೊಣೆಗೂ ಒಂದೇ ಅಳತೆಯೆಂಬುದನ್ನು ಒಪ್ಪುತ್ತೇನೆ. ಆದರೂ ಒಂದು ಸಂಶಯ ಉಳಿಯಿತು: ಮುಚ್ಚಿಟ್ಟದ್ದು ಬಯಲಾದ ಮೇಲೂ ಅದೇ ಸಂಸ್ಥೆಗೆ ಕಾಣಿಕೆ ಸಲ್ಲಿಸುತ್ತ, ಪ್ರಶ್ನಿಸದೆ ಮುಂದುವರಿಯುವ ಸಾಮಾನ್ಯ ಸದಸ್ಯನನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು?