‘ಇಂಗಾಲದ ಹೊರಸೂಸುವಿಕೆ’ ಎಂಬ ಪದದ ಬಗ್ಗೆ

ಮಾನ್ಯರೇ,

ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿರುವ ನಾನು, ರೈಲು ಸಾರಿಗೆಯಿಂದ ಗಾಳಿಯ ಮೇಲಾಗುವ ಪರಿಣಾಮವನ್ನು ಕುರಿತು ಮಕ್ಕಳಿಗಾಗಿ ನಾಲ್ಕು ಪುಟ ಬರೆಯಲು ಕುಳಿತಾಗ, ಪತ್ರಿಕೆಗಳಲ್ಲಿ ರೂಢಿಯಾಗಿರುವ ‘ಇಂಗಾಲದ ಹೊರಸೂಸುವಿಕೆ’ ಎಂಬ ಮಾತಿನಲ್ಲಿಯೇ ತಡವರಿಸಿ ನಿಂತೆ. ಈ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ತೊಡಕಿರುವುದು ಹೆಚ್ಚಾಗಿ ‘ಇಂಗಾಲ’ದಲ್ಲಿ. ಈ ಪದ ಕೇಳಿದ ಕೂಡಲೇ ಮಕ್ಕಳಿಗೆ ನೆನಪಾಗುವುದು ಇದ್ದಿಲು ಮತ್ತು ಮಸಿ. ‘ಇಂಗಳ’ ಎಂದರೆ ಕೆಂಡವೇ ಆಗಿರುವಾಗ ಅವರ ಊಹೆಯನ್ನು ತಪ್ಪೆನ್ನಲಾಗದು. ವಾಡಿ ಜಂಕ್ಷನ್ನಿನಲ್ಲಿ ಡೀಸೆಲ್ ಇಂಜಿನ್ನೊಂದು ಕಪ್ಪು ಹೊಗೆ ಬಿಟ್ಟರೆ ಅದನ್ನೇ ಇಂಗಾಲವೆಂದು ತೋರಿಸುತ್ತಾರೆ. ಆ ಕಪ್ಪಿನಲ್ಲಿ ಇಂಗಾಲದ ಕಣಗಳಿರುವುದು ನಿಜ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ತೀರ್ಮಾನಿಸಿದೆ. ಆದರೆ ಭೂಮಿ ಬಿಸಿಯಾಗುವ ಚರ್ಚೆಯಲ್ಲಿ ಇದೇ ಪದ ಬಂದಾಗ ಅದರ ಅರ್ಥ, ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಇಂಗಾಲದ ಡೈಆಕ್ಸೈಡ್. ಮೊದಲನೆಯದು ಹಳಿಯ ಪಕ್ಕದ ಊರಿನವರ ಎದೆಗೆ ತಾಗುವಂಥದ್ದು. ಎರಡನೆಯದು ಎಲ್ಲಿ ಹೊರಬಿದ್ದರೂ ಇಡೀ ಭೂಮಿಯದ್ದು.

ಲೆಕ್ಕದಲ್ಲಿಯೂ ಎಡವಟ್ಟಾಗುತ್ತದೆ. 12 ಕಿಲೋ ಇಂಗಾಲ ಪೂರ್ತಿ ಉರಿದರೆ 44 ಕಿಲೋ ಡೈಆಕ್ಸೈಡ್ ಆಗುವುದರಿಂದ, ‘ಒಂದು ಟನ್ ಇಂಗಾಲ’ ಎಂದು ಬರೆದಾಗ ಯಾವುದರ ಟನ್ ಎಂಬುದು ತಿಳಿಯದಿದ್ದರೆ ಅಂಕಿ ಮೂರೂವರೆ ಪಟ್ಟಿಗೂ ಮೀರಿ ಏರುಪೇರಾಗುತ್ತದೆ. ಒಂದು ಕಿಲೋ ಕೂಡ ತೂಗದ ಒಂದು ಲೀಟರ್ ಡೀಸೆಲ್ ಉರಿದು ಸುಮಾರು 2.7 ಕಿಲೋ ಡೈಆಕ್ಸೈಡ್ ಆಗುತ್ತದೆ ಎಂದರೆ ಮಕ್ಕಳು ನಂಬುವುದಿಲ್ಲ. ಹೆಚ್ಚಿನ ತೂಕವು ಗಾಳಿಯಲ್ಲಿದ್ದ ಆಮ್ಲಜನಕದ್ದು ಎಂದು ವಿವರಿಸುವಾಗ ‘ಇಂಗಾಲ’ವೆಂಬ ಹೆಸರೇ ಅಡ್ಡ ಬರುತ್ತದೆ.

‘ಸೂಸು’ ಎಂಬ ಧಾತುವೂ ನನಗೆ ಒಗ್ಗುತ್ತಿಲ್ಲ. ಹೂವು ಕಂಪು ಸೂಸುತ್ತದೆ, ಮುಖ ಕಾಂತಿ ಸೂಸುತ್ತದೆ. ಇಂಜಿನ್ನು ಹೊಗೆಯನ್ನು ‘ಬಿಡುತ್ತದೆ’ ಅಥವಾ ‘ಉಗುಳುತ್ತದೆ’. ‘ವಿಸರ್ಜನೆ’ ಎಂದರೆ ಗಣಪತಿ ನೆನಪಾಗುತ್ತಾನೆ, ‘ಉತ್ಸರ್ಜನೆ’ ಮಕ್ಕಳ ನಾಲಿಗೆಗೆ ಹತ್ತುವುದಿಲ್ಲ. ಸದ್ಯಕ್ಕೆ ನಾನು ಕಣಗಳಿಗೆ ‘ಹೊಗೆಮಸಿ’ ಎಂದೂ, ಅನಿಲದ ಪ್ರಮಾಣ ಹೇಳುವಲ್ಲಿ ‘ಹೊರಬಿಟ್ಟ ಡೈಆಕ್ಸೈಡ್’ ಎಂದೂ ಬರೆದುಕೊಂಡಿದ್ದೇನೆ.

ಈ ಭೇದ ಬೇಕೇ ಬೇಕೆನ್ನಲು ವಿದ್ಯುತ್ ರೈಲೇ ಕಾರಣ. ಹಿಂದೆ ರೈಲಿಗೆ ‘ಹೊಗೆಬಂಡಿ’ ಎನ್ನುತ್ತಿದ್ದರು. ವಿದ್ಯುತ್ ಇಂಜಿನ್ನು ಹಳಿಯ ಮೇಲೆ ಹೊಗೆ ಬಿಡುವುದಿಲ್ಲ, ಗಾಲಿ ಮತ್ತು ಬ್ರೇಕು ಸವೆದು ಏಳುವ ಲೋಹದ ಧೂಳಷ್ಟೇ ಅಲ್ಲಿ ಉಳಿಯುತ್ತದೆ. ಆದರೆ ಅದಕ್ಕೆ ಹರಿಯುವ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದಿದ್ದರೆ, ವಾಡಿಯಲ್ಲಿ ಕಾಣದ ಡೈಆಕ್ಸೈಡು ಶಕ್ತಿನಗರದಂಥ ಸ್ಥಾವರದ ಚಿಮಣಿಯಲ್ಲಿ ಹೊರಬಿದ್ದಿರುತ್ತದೆ. ಹೀಗಿದ್ದೂ, ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಪ್ರತಿರೋಧ ಬಹಳ ಕಡಿಮೆಯಾದ್ದರಿಂದ, ಸೇಡಂನ ಸಿಮೆಂಟು ಲಾರಿಗಿಂತ ರೈಲಿನಲ್ಲಿ ಸಾಗಿದರೆ ಟನ್ನಿಗೆ ಖರ್ಚಾಗುವ ಶಕ್ತಿ ಕಡಿಮೆಯೇ. (ಆ ಸಿಮೆಂಟಿಗಾಗಿ ಸುಣ್ಣದಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿಂದಲೇ ಡೈಆಕ್ಸೈಡ್ ಬರುತ್ತದೆ, ಅದನ್ನು ಹೊಗೆಯೆಂದು ಕರೆಯುವಂತೆಯೇ ಇಲ್ಲ.)

ಭಾರತೀಯ ರೈಲ್ವೆಯು 2030ಕ್ಕೆ ‘ನಿವ್ವಳ ಶೂನ್ಯ’ದ ಗುರಿ ಇಟ್ಟುಕೊಂಡಿದೆ ಎಂದು ತರಗತಿಯಲ್ಲಿ ಹೇಳಿದಾಗ, “ಹಂಗಾದ್ರ ಹೊಗಿ ಬರಂಗೇ ಇಲ್ಲೇನ್ರಿ ಸರ್?” ಎಂದು ಹುಡುಗಿಯೊಬ್ಬಳು ಕೇಳಿದಳು. ‘ನಿವ್ವಳ’ವೆಂಬುದು ಅಂಗಡಿಯ ಲೆಕ್ಕದ ಪದವಾದ್ದರಿಂದ, ಬಿಟ್ಟದ್ದರಲ್ಲಿ ಹೀರಿಕೊಂಡದ್ದನ್ನು ಕಳೆದು ಉಳಿಯುವುದು ಎಂದು ವಿವರಿಸಿದೆ, ಅದು ಅವಳಿಗೆ ಹಿಡಿಸಿತು. ಆದರೆ ಗಾಡಿ ಓಡುವಲ್ಲಿ ಹೊರಬೀಳುವುದಕ್ಕೂ, ಅದರ ಸಲುವಾಗಿ ದೂರದ ಸ್ಥಾವರದಲ್ಲಿ ಹೊರಬೀಳುವುದಕ್ಕೂ ಬೇರೆ ಬೇರೆ ಹೆಸರು ನನಗೆ ಹೊಳೆದಿಲ್ಲ. ‘ನೇರ’ ಮತ್ತು ‘ಪರೋಕ್ಷ’ ಎಂಬುವನ್ನು ಬಿಟ್ಟು ಆಡುಮಾತಿಗೆ ಹತ್ತಿರವಾದ ಜೋಡಿಪದ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.